ಚಕ್ಕುಬಂದಿ: ನಾಲ್ಕು ಕಡೆಗೂ ಸಮುದ್ರ

ಆಗಸ್ಟ್ 20, 2024

ಈ ಡೈರಿಯನ್ನು ಗೊಬ್ಬರದ ಅಂಗಡಿಯವರು ಹೊಸ ವರ್ಷಕ್ಕೆ ಕೊಟ್ಟಿದ್ದರು. ಅಂದಿನಿಂದ ಇದರ ಮೇಲೆ ಬಿಸಿ ಹಾಲಿನ ಪಾತ್ರೆ ಕೂರುತ್ತಿತ್ತು. ಇವತ್ತು ಇದಕ್ಕೆ ಬಡ್ತಿ. ನನಗಂತೂ ಸಿಗಲಿಲ್ಲ, ಡೈರಿಗಾದರೂ ಸಿಗಲಿ.

ನಿನ್ನೆ ವೇದಾವತಿಯನ್ನು ಬೆಂಗಳೂರಿನ ಕಣ್ಣಿನ ಆಸ್ಪತ್ರೆಗೆ ಕರೆದುಕೊಂಡು ಹೋಗಿದ್ದೆ. ನನ್ನ ಹೆಂಡತಿ ಇತ್ತೀಚೆಗೆ ಬಾಗಿಲಿಗೆ ಭುಜ ಹೊಡೆದುಕೊಳ್ಳುತ್ತಾಳೆ, ಪಕ್ಕದಲ್ಲೇ ಇಟ್ಟ ಕಾಫಿ ಲೋಟವನ್ನು ಒದೆಯುತ್ತಾಳೆ. ಕನ್ನಡಕದ ನಂಬರು ಬದಲಾಗಿದೆ ಎಂದು ನಾನು ತೀರ್ಪು ಕೊಟ್ಟಿದ್ದೆ. ಅಲ್ಲಿನ ಡಾಕ್ಟರಮ್ಮ ನನ್ನ ತೀರ್ಪನ್ನು ಬದಿಗಿಟ್ಟು, ನೋಟ ಎಷ್ಟಗಲ ಇದೆಯೆಂದು ಅಳೆಯುವ ‘ಫೀಲ್ಡ್ ಟೆಸ್ಟ್’ ಆಗಬೇಕು ಎಂದರು. ಒಳಗೊಳಗೇ ಖುಷಿಯಾಯಿತು. ಮಧುಗಿರಿ ತಾಲ್ಲೂಕಿನ ಸರ್ವೆಯರ್ ಆಗಿ ನನ್ನ ಅರ್ಧ ಆಯುಷ್ಯ ಫೀಲ್ಡಿನಲ್ಲೇ ಕಳೆದಿದೆ. ಆಸ್ಪತ್ರೆಯಲ್ಲೂ ನಮ್ಮ ಇಲಾಖೆಯ ಶಾಖೆ ಇದೆ ಎಂದು ಗೊತ್ತಿರಲಿಲ್ಲ.

ಟೆಸ್ಟ್ ಮುಗಿದು ಅವಳ ನೋಟದ ನಕ್ಷೆ ಕೈಗೆ ಬಂತು. ನಡುವೆ ಒಂದು ಬಿಳಿ ತುಂಡು, ಸುತ್ತಲೂ ಕಪ್ಪು. ಡಾಕ್ಟರಮ್ಮ ಇಂಗ್ಲಿಷಿನಲ್ಲಿ ಒಂದು ಉದ್ದನೆಯ ಹೆಸರು ಹೇಳಿದರು. ನಾನು ನಕ್ಷೆ ನೋಡಿ ನಮ್ಮ ಇಲಾಖೆಯ ಹೆಸರು ಹೇಳಿದೆ.

“ಒತ್ತುವರಿ.”

“ಏನಂದ್ರಿ?”

“ನಾಲ್ಕೂ ಕಡೆಯಿಂದ ಒತ್ತುವರಿ ಆಗಿದೆ ಡಾಕ್ಟ್ರೇ. ತೆರವು ಮಾಡ್ಸೋಕೆ ಆಗಲ್ವಾ?”

ಅವರು ನಗಲಿಲ್ಲ. ಸದ್ಯಕ್ಕೆ ಆಗುವುದಿಲ್ಲ ಎಂದರು. ನೋಟದ ಅಂಚುಗಳು ಒಳಗೊಳಗೆ ಸರಿಯುತ್ತಾ ಬರುತ್ತವಂತೆ, ನಡುವಿನದು ಎಷ್ಟು ಕಾಲ ಉಳಿಯುತ್ತದೆಂದು ಯಾರೂ ಹೇಳಲಾರರಂತೆ. “ಕತ್ತಲಾದ್ಮೇಲೆ ಈಗ್ಲೇ ಏನೂ ಕಾಣ್ಸಲ್ಲ, ಅಲ್ವೇನಮ್ಮ?” ಎಂದು ಕೇಳಿದರು. ವೇದಾ ಹೌದೆಂದು ತಲೆಯಾಡಿಸಿದಳು. ಅದು ನನಗೆ ಹೊಸ ಸುದ್ದಿ.

ಬಸ್ಸು ಕೊರಟಗೆರೆ ದಾಟುವವರೆಗೆ ಅವಳು ಕಿಟಕಿಯಾಚೆ ನೋಡುತ್ತಿದ್ದಳು. ಆಮೇಲೆ, “ರೀ” ಎಂದಳು.

“ಹೂಂ.”

“ಕಣ್ಣು ಮುಚ್ಚೋದ್ರೊಳ್ಗೆ ಒಂದ್ಸಲ ಸಮುದ್ರದ ಮೀನು ನೋಡ್ಬೇಕು ಕಣ್ರಿ. ದಡದ ಮೇಲಿಂದ ಅಲ್ಲ. ನೀರೊಳ್ಗೆ ಇಳ್ದು, ಅವುಗಳ ಪಕ್ಕದಲ್ಲಿ ನಿಂತ್ಕೊಂಡು.”

“ಹೂಂ” ಅಂದೆ. ಬಸ್ಸಿನಲ್ಲಿ ಅಂದ ಹೂಂಗೆ ಕಾನೂನಿನಲ್ಲಿ ಬೆಲೆಯಿಲ್ಲ ಎಂದುಕೊಂಡಿದ್ದೆ.

ಆಗಸ್ಟ್ 25

ಬೆಲೆ ಇದೆ. ತುಮಕೂರಿನಲ್ಲಿ ಓದುತ್ತಿರುವ ಮಗಳು ಬಿಂದುಶ್ರೀಗೆ ಅವಳಮ್ಮ ಫೋನ್ ಮಾಡಿ, “ನಿಮ್ಮಪ್ಪ ಒಪ್ಕೊಂಡ್ಬುಟ್ರು” ಎಂದಿದ್ದಾಳೆ. ಬೆಳಗಿನಿಂದ ನನ್ನ ಫೋನಿಗೆ ಅಂಡಮಾನಿನ ರೆಸಾರ್ಟುಗಳು ಬಂದು ಬೀಳುತ್ತಿವೆ. ಎಲ್ಲ ಚಿತ್ರಗಳಲ್ಲೂ ಒಂದೇ ತೆಂಗಿನ ಮರ ಓರೆಯಾಗಿ ಬಗ್ಗಿದೆ. ಒಂದೇ ಮರವನ್ನು ಎಲ್ಲರೂ ಸರದಿಯ ಮೇಲೆ ಬಳಸುತ್ತಾರೋ ಏನೋ.

ಆದರೆ ಸರ್ವೆಯರನಾಗಿ ಒಂದು ಮಾತು ದಾಖಲಿಸಲೇಬೇಕು. ಯಾವ ಜಮೀನಿಗೂ ಚಕ್ಕುಬಂದಿ ಬರೆಯಬೇಕು: ಪೂರ್ವಕ್ಕೆ ಯಾರ ಹೊಲ, ಪಶ್ಚಿಮಕ್ಕೆ ಯಾವ ಹಳ್ಳ, ಉತ್ತರಕ್ಕೆ ಯಾರ ಹುಣಸೆಮರ, ದಕ್ಷಿಣಕ್ಕೆ ಯಾವ ದಾರಿ. ಈ ನಾಲ್ಕು ಸಾಲಿಗಾಗಿ ಅಣ್ಣತಮ್ಮಂದಿರು ಮಚ್ಚು ಹಿಡಿದದ್ದನ್ನು ನೋಡಿದ್ದೇನೆ. ದ್ವೀಪಕ್ಕೆ ನೋಡಿ: ಪೂರ್ವಕ್ಕೆ ಸಮುದ್ರ, ಪಶ್ಚಿಮಕ್ಕೆ ಸಮುದ್ರ, ಉತ್ತರಕ್ಕೆ ಸಮುದ್ರ, ದಕ್ಷಿಣಕ್ಕೂ ಸಮುದ್ರ. ಎಂಥ ನೆಮ್ಮದಿಯ ಆಸ್ತಿ! ಪಕ್ಕದವನು ಬದು ಕೊರೆಯುವಂತಿಲ್ಲ.

ಒಂದು ರೆಸಾರ್ಟಿಗೆ ಫೋನ್ ಮಾಡಿದೆ. ಶಿರಾದಲ್ಲಿ ಹುಟ್ಟಿ ಉರ್ದು ಕೇಳುತ್ತಾ ಬೆಳೆದಿದ್ದರಿಂದ ನನಗೆ ಹಿಂದಿ ಬರುತ್ತದೆ ಎಂಬ ನಂಬಿಕೆ ನನ್ನದು.

“ಮುದ್ದೆ ಮಿಲೇಗಾ ಕ್ಯಾ?”

“ಮಡ್ ಬಾತ್? ಹಾಂ ಸರ್, ಬಿಲ್ಕುಲ್!”

ಅಲ್ಲಿ ಮೈಗೆ ಮಣ್ಣು ಮೆತ್ತುತ್ತಾರಂತೆ. ನಮ್ಮ ಹೊಲಗಳಲ್ಲಿ ಅದು ಪುಕ್ಕಟೆ. ಆ ರೆಸಾರ್ಟು ವಜಾ.

ನನ್ನ ನಿಲುವನ್ನೂ ಸ್ಪಷ್ಟಪಡಿಸಿದ್ದೇನೆ: ವೇದಾ ನೀರಿಗಿಳಿಯಲಿ, ನಾನು ದಡದಲ್ಲಿ ಕೂತು ಚಪ್ಪಲಿ ಕಾಯುತ್ತೇನೆ. ಚೊಂಬಿನ ನೀರಿಗಿಂತ ಆಳವಾದ ನೀರಿನೊಂದಿಗೆ ನನಗೆ ವ್ಯವಹಾರವಿಲ್ಲ. ಚಿಕ್ಕಂದಿನಲ್ಲಿ ಬೆನ್ನಿಗೆ ಒಣ ಸೋರೆಬುರುಡೆ ಕಟ್ಟಿ ಬಾವಿಗೆ ತಳ್ಳಿದ್ದರು. ಬುರುಡೆ ತೇಲಿತು, ನಾನು ತೇಲಲಿಲ್ಲ.

ವೇದಾ ಹಾಗಲ್ಲ. ಅವಳ ತವರು ಐ.ಡಿ.ಹಳ್ಳಿಯಲ್ಲಿ ಯಾರ ಬಿಂದಿಗೆ ಬಾವಿಗೆ ಬಿದ್ದರೂ ಮೊದಲು ಹಗ್ಗಕ್ಕೆ ಪಾತಾಳಗರಡಿ ಕಟ್ಟಿ ಇಳಿಬಿಟ್ಟು, ಅದರ ಕೊಕ್ಕೆಗಳಿಗೂ ಸಿಗದಿದ್ದರೆ ಇವಳನ್ನು ಕರೆಯುತ್ತಿದ್ದರಂತೆ. ಲಂಗ ಎತ್ತಿ ಕಟ್ಟಿ ಇಳಿದುಬಿಡುತ್ತಿದ್ದಳಂತೆ. “ನೀರೊಳ್ಗೆ ಕಣ್ಣು ಬುಟ್ರೆ ಎಂಗಿರ್ತಿತ್ತು ಗೊತ್ತೇನ್ರಿ? ಹಸ್ರು ಬೆಳಕು. ಬೆಳ್ಳಿ ಉಗುರಿನಂಥ ಮೀನು ಮೂಗಿಗೇ ಬರೋವು” ಎಂದು ಇವತ್ತು ಹೇಳಿದಳು. ಇಷ್ಟು ವರ್ಷ ಸಂಸಾರ ಮಾಡಿ ಈಗ ಹೇಳುತ್ತಿದ್ದಾಳೆ. ನಾನು ಕೇಳಿರಲಿಲ್ಲ, ಅದೂ ನಿಜ.

ಸೆಪ್ಟೆಂಬರ್ 4

ಈ ದಿನ ನಮ್ಮ ಮನೆಯಲ್ಲಿ ನಡೆದದ್ದನ್ನು ಗಂಭೀರವಾಗಿ ದಾಖಲಿಸುತ್ತಿದ್ದೇನೆ.

ಬೆಳಿಗ್ಗೆ ವೇದಾ ಚಟ್ನಿಪುಡಿಗೆ ಮೆಣಸಿನಕಾಯಿ ಹುರಿಯುತ್ತಿದ್ದಳು. ಬಾಗಿಲು ತಟ್ಟಿದ ಸದ್ದು. ತೆಗೆದರೆ ನನ್ನ ಸೋದರಮಾವ ಚಿಕ್ಕಹನುಮಯ್ಯ, ಕೈಯಲ್ಲಿ ಬ್ರೆಡ್ಡು. ಹಿಂದೆ ಅತ್ತೆ, ಮೂಸಂಬಿ ಚೀಲ. ಅವರ ಹಿಂದೆ ಮೂರು ಜನ, ಎಳನೀರು. ಎಲ್ಲರ ಮುಖವೂ ಸಾವಿನ ಮನೆಗೆ ಸ್ವಲ್ಪ ಬೇಗ ಬಂದವರ ಹಾಗೆ.

“ಎಲ್ಲಪ್ಪ ಮಲ್ಗ್ಸಿದೀರಿ?” ಮಾವ ಪಿಸುಗುಟ್ಟಿದರು.

“ಯಾರನ್ನ?”

ಅಷ್ಟರಲ್ಲಿ ಅಡುಗೆಮನೆಯಿಂದ ಘಾಟಿಗೆ ವೇದಾ ಕೆಮ್ಮಿದಳು. “ಅಯ್ಯೋ ಸಿವನೇ, ಕೆಮ್ಮು ಕೇಳಲಾ ಎಂಗೈತೆ!” ಎಂದು ಅತ್ತೆ ಸೆರಗು ಬಾಯಿಗಿಟ್ಟರು. ವೇದಾ ಸೌಟು ಹಿಡಿದು ಹೊರಗೆ ಬಂದಳು. ಎಲ್ಲರೂ ಅವಳನ್ನೂ ಸೌಟನ್ನೂ ನೋಡಿದರು.

“ಎದ್ದು ಓಡಾಡ್ತಿದೀಯೇನಮ್ಮ? ಕಡೇಲಿ ದೀಪ ಅಂಗೇ ಒಂದ್ಸಲ ಜೋರಾಗ್ ಉರೀತದೆ” ಎಂದರು ಮಾವ.

ವಿಚಾರಣೆಯಿಂದ ತಿಳಿದದ್ದು: ವೇದಾ ಫೋನಿನಲ್ಲಿ ನನ್ನ ಅಕ್ಕ ಗಂಗಲಕ್ಷ್ಮಮ್ಮನಿಗೆ, “ಕಣ್ಣು ಮುಚ್ಚೋದ್ರೊಳ್ಗೆ ಸಮುದ್ರ ನೋಡ್ಬೇಕು ಅಂತ ಆಸೆ ಅತ್ತಿಗೆ” ಎಂದಿದ್ದಾಳೆ. ಇವಳು ಹೇಳಿದ್ದು ಕಣ್ಣು. ಅಕ್ಕ ತಿಳಿದದ್ದು ಪ್ರಾಣ. ಅಷ್ಟೇ ಆಗಿದ್ದರೆ ಬ್ರೆಡ್ಡಿಗೆ ಮುಗಿಯುತ್ತಿತ್ತು. ಅಕ್ಕನನ್ನು ಕೊಟ್ಟಿರುವುದು ಪಾವಗಡ ತಾಲ್ಲೂಕಿನ ಬಲಸಮುದ್ರಕ್ಕೆ. ಅವರ ಮನೆಯಲ್ಲಿ ಆ ಊರಿಗೆ ಬರಿದೇ ‘ಸಮುದ್ರ’ ಎನ್ನುತ್ತಾರೆ. ಮಧ್ಯಾಹ್ನ ಫೋನ್ ಬಂತು.

“ಏಮಿರಾ ಪ್ರಸನ್ನ, ನನ್ನತ್ರ ಮುಚ್ಚಿಟ್ಬುಟ್ಯಲ್ಲೋ! ಪ್ರಾಣ ಹೋಗಾ ಮುಂಚೆ ನಮ್ಮೂರು ನೋಡ್ಬೇಕು ಅಂದ್ಲಲ್ಲೋ ವೇದಮ್ಮ! ಮೂರು ವರ್ಷದಿಂದ ಕರೀತಿದೀನಿ, ಈಗ್ ಬಂತೇನೋ ಮನ್ಸು! ಮುಂದಿನ್ ವಾರ ಭಾನುವಾರ ಕರ್ಕಂಡ್ ಬಾ. ಒಬ್ಬಟ್ಟು ಮಾಡ್ತೀನಿ. ತಿನ್ನಕ್ಕಾಗ್ತದಾ ಪಾಪ, ಗಂಟ್ಲಲ್ಲಿ ಇಳೀತದಾ?”

“ಇಳಿಯುತ್ತೆ ಅಕ್ಕ. ಆರಾದ್ರೂ ಇಳಿಯುತ್ತೆ.”

ಅದು ಬೇರೆ ಸಮುದ್ರ ಎಂದು ಹೇಳಲು ಬಾಯಿ ತೆರೆದೆ. ಅಕ್ಕ ಅಳುತ್ತಿದ್ದಳು, ಅದರಲ್ಲಿ ಹೆಮ್ಮೆಯೂ ಇತ್ತು. ವೇದಾ ಫೋನ್ ಕಸಿದುಕೊಂಡು, “ಬತ್ತೀವಿ ಅತ್ತಿಗೆ” ಎಂದಳು. ಆಮೇಲೆ ಗೋಡೆಗೊರಗಿ, ಕಣ್ಣಲ್ಲಿ ನೀರು ಬರುವವರೆಗೆ ನಕ್ಕಳು. ಆಸ್ಪತ್ರೆಯಿಂದ ಬಂದ ಮೇಲೆ ಇದೇ ಮೊದಲ ಸಲ.

ಬ್ರೆಡ್ಡು ಬಹಳ ಉಳಿದಿದೆ.

ಸೆಪ್ಟೆಂಬರ್ 15

ಬಲಸಮುದ್ರಕ್ಕೆ ಹೋಗಿಬಂದೆವು.

ಒಬ್ಬಟ್ಟು ಗಂಟಲಲ್ಲಿ ಇಳಿದದ್ದನ್ನು ಅಕ್ಕ ಎದುರಿಗೇ ಕೂತು ಪರಿಶೀಲಿಸಿದಳು. ವೇದಾ ನಿಧಾನವಾಗಿ ಎಲ್ಲ ಬಿಡಿಸಿ ಹೇಳಿದಳು: ಮುಚ್ಚುವುದು ಕಣ್ಣು ಮಾತ್ರ, ಅದೂ ಮೆಲ್ಲಗೆ, ನೋಡಬೇಕೆಂದದ್ದು ಉಪ್ಪುನೀರಿನ ಸಮುದ್ರ. ಅಕ್ಕ ಒಬ್ಬಟ್ಟಿನ ತಟ್ಟೆ ಕೆಳಗಿಟ್ಟು, “ಅಂಗಾದ್ರೆ ನಮ್ಮೂರು ನೋಡಕ್ಕಲ್ವಾ ನೀ ಬಂದಿದ್ದು?” ಎಂದಳು. ವೇದಾ ಬದುಕುತ್ತಾಳೆಂಬ ಸಮಾಧಾನಕ್ಕಿಂತ ಆ ಬೇಜಾರೇ ದೊಡ್ಡದಾಗಿತ್ತು.

“ಬನ್ನಿ ಅತ್ತಿಗೆ, ನಿಮ್ಮ ಸಮುದ್ರನೂ ತೋರ್ಸಿ” ಎಂದಳು ವೇದಾ.

ಅಲ್ಲಿ ತೋರಿಸಲಿಕ್ಕೆ ಏನಿದೆ? ಸೋಲಾರ್ ಪ್ಲೇಟು. ಊರಾಚೆಯ ದಿಬ್ಬ ಹತ್ತಿದರೆ ಕೆಳಗೆ ಹೊಲಗಳಿದ್ದ ಜಾಗದಲ್ಲೆಲ್ಲ ಸಾಲುಸಾಲು ನೀಲಿ ಗಾಜು. ಸಂಜೆಯ ಬಿಸಿಲಿಗೆ ಮಿನುಗುತ್ತಿತ್ತು. ನಾನು ಅಭ್ಯಾಸಬಲದಿಂದ ಬೇಲಿ, ಕಂಬ, ಕಾಲುದಾರಿ, ಅಂಚಿನಲ್ಲಿ ಮೇಯುತ್ತಿದ್ದ ಕುರಿಗಳನ್ನು ಗುರುತು ಹಾಕಿಕೊಂಡೆ.

ವೇದಾ ನಿಂತುಬಿಟ್ಟಳು. “ರೀ, ಇದ್ಕೆ ಕೊನೇನೇ ಇಲ್ವಲ್ರಿ.”

“ಇದೆಯಲ್ಲ, ಅಲ್ಲಿ ಬೇಲಿ...” ಎನ್ನಲು ಹೋಗಿ, ಚಾಚಿದ ಬೆರಳು ಮಡಚಿಕೊಂಡೆ. ಅವಳ ಪಾಲಿಗೆ ಬೇಲಿ ಇರಲಿಲ್ಲ. ಅವಳ ನಕ್ಷೆಯ ಬಿಳಿಯಲ್ಲಿ ನೀಲಿ ಮಾತ್ರ ತುಂಬಿತ್ತು.

“ಅಂಚು ಕಾಣ್ದೋರಿಗೆ ಇದೊಂದು ಲಾಭ ನೋಡಿ” ಎಂದು ನಕ್ಕಳು. “ನಿಮ್ಮೂರು ನಿಜವಾಗ್ಲೂ ಸಮುದ್ರನೇ ಅತ್ತಿಗೆ.”

ಅಕ್ಕ ನನ್ನ ಕಡೆ ನೋಡಿದಳು. ನಾನು ಕುರಿಗಳ ಕಡೆ ನೋಡಿದೆ.

ಇಳಿಯುವಾಗ ಹೊತ್ತು ಮುಳುಗಿತ್ತು. ನಾನು ಎಂದಿನಂತೆ ಮುಂದೆ ಮುಂದೆ ನಡೆಯುತ್ತಿದ್ದೆ. ಹಿಂದೆ ಸದ್ದು. ಮೋರಿಯ ಪಕ್ಕದ ಗುಂಡಿಗೆ ಬಿದ್ದಿದ್ದಳು. ಮೊಣಕೈ ತರಚಿತ್ತು. “ಏನಿಲ್ಲ, ಏನಿಲ್ಲ” ಎಂದು ಎದ್ದು ಕೈ ಚಾಚಿದಳು, ನಾನಿಲ್ಲದ ಕಡೆಗೆ. ಗಾಳಿಯಲ್ಲಿ ಆ ಕೈ ನನ್ನನ್ನು ಹುಡುಕಿತು.

‘ದೀಪ ಹಚ್ಚೋ ಹೊತ್ತಿಗೆ ಮನೇಲಿರ್ಬೇಕು’ ಎಂದು ಎಲ್ಲ ಮದುವೆ ಮನೆಗಳಿಂದಲೂ ನನ್ನನ್ನು ಬೇಗ ಎಳೆದು ತರುತ್ತಿದ್ದಳು. ಎಂಥ ದೈವಭಕ್ತಿ ಎಂದು ನಾನು ನಾಲ್ಕು ಜನರ ಮುಂದೆ ಆಡಿಕೊಂಡಿದ್ದೆ.

ಸೆಪ್ಟೆಂಬರ್ 17

ಆಫೀಸಿಗೆ ರಜೆ ಹಾಕಿದೆ. ಸುಣ್ಣ ಉಳಿದಿತ್ತು. ಕೆಟ್ಟುಹೋಗುತ್ತದೆಂದು ಹೊಸ್ತಿಲಿನ ಕೆಳಗಿನ ಮೆಟ್ಟಿಲುಗಳ ಅಂಚಿಗೆ ಬಳಿದೆ. ಹಜಾರದ ಸ್ಟೂಲು ನನ್ನ ಕಾಲಿಗೆ ಅಡ್ಡ ಬರುತ್ತಿತ್ತು, ಅಟ್ಟಕ್ಕೆ ಹಾಕಿದೆ. ಬೇರೆ ವಿಶೇಷವಿಲ್ಲ.

ಅಕ್ಟೋಬರ್ 9

ದ್ವೀಪ ಆರಿಸುವ ಕೆಲಸ ಖಾತೆ ಬದಲಾವಣೆಗಿಂತ ಕಷ್ಟ.

ನೀರಿನ ಮೇಲೆ ಕಂಬ ನಿಲ್ಲಿಸಿ ಕಟ್ಟಿದ ಮನೆಗಳದೊಂದು ರೆಸಾರ್ಟು. ಚಿತ್ರದಲ್ಲಿ ಚಂದ. ಮನೆಯಿಂದ ಮನೆಗೆ ಹೋಗುವ ಹಲಗೆ ದಾರಿಗೆ ಕಟಕಟೆ ಇದೆಯಾ ಎಂದು ಕೇಳಿದೆ. ನೋಟಕ್ಕೆ ಅಡ್ಡಿಯಾಗಬಾರದೆಂದು ಹಾಕಿಲ್ಲವಂತೆ. ವಜಾ. ಇನ್ನೊಂದರಲ್ಲಿ ಸಂಜೆ ‘ರೊಮ್ಯಾಂಟಿಕ್ ಲೈಟಿಂಗ್’. ಅಂದರೆ ದೀಪಗಳು ಉಂಟು, ಬೆಳಕು ಇಲ್ಲ. ವಜಾ. ಮಗದೊಂದರಲ್ಲಿ ಮರದಿಂದ ಮರಕ್ಕೆ ಬಲೆಯ ಜೋಲಿ ಕಟ್ಟಿದ್ದಾರೆ, ಸರಿಯಾಗಿ ಕತ್ತಿನ ಎತ್ತರಕ್ಕೆ. ಆ ಮ್ಯಾನೇಜರನಿಗೆ ನಾನು ಅಂದದ್ದನ್ನು ಇಲ್ಲಿ ಬರೆಯುವುದಿಲ್ಲ. ಶಿರಾ ಸಂತೆಯಲ್ಲಿ ಕಲಿತ ಹಿಂದಿಗೆ ಅದರದೇ ಬಲವಿದೆ.

ಇನ್ನೊಂದು ಸಂಗತಿ ಪತ್ತೆಯಾಯಿತು. ಅಲ್ಲಿಯೂ ಗಡಿಯಾರ ನಮ್ಮದೇ, ಸೂರ್ಯ ಮಾತ್ರ ಅವಸರದವನು. ನಾವು ಹೋಗಬೇಕೆಂದಿರುವ ಜನವರಿಯಲ್ಲಿ ಐದೂವರೆಗೆಲ್ಲ ಕತ್ತಲಂತೆ. ಊಟದ ಮನೆ ಕೋಣೆಯ ಮಗ್ಗುಲಲ್ಲೇ ಇರಬೇಕು. ಇದನ್ನು ಯಾರೂ ತಮ್ಮ ಜಾಹೀರಾತಿನಲ್ಲಿ ಹಾಕುವುದಿಲ್ಲ.

ಬಿಂದುಶ್ರೀ ಫೋನ್ ಮಾಡಿ, “ಅಪ್ಪ, ಮುದ್ದೆ ವಿಚಾರ ಏನಾಯ್ತು?” ಎಂದಳು. ಯಾವ ಮುದ್ದೆ ಎಂದು ಒಂದು ಕ್ಷಣ ಹೊಳೆಯಲಿಲ್ಲ.

ಕೊನೆಗೆ ಒಂದು ಸಿಕ್ಕಿದೆ. ಸಣ್ಣ ದ್ವೀಪ, ಸಣ್ಣ ಜಾಗ, ತೆಂಗಿನ ಮರಗಳೆಲ್ಲ ನೆಟ್ಟಗಿವೆ. ದಡದಿಂದಲೇ ನಡೆದು ನೀರಿಗಿಳಿದರೆ ಸ್ವಲ್ಪ ದೂರದಲ್ಲೇ ಹವಳದ ಬಂಡೆಗಳು, ದೋಣಿ ಹತ್ತಿಳಿಯುವ ಕಷ್ಟವಿಲ್ಲ. ಬಿಳಿ ಮರಳಾದ್ದರಿಂದ ಒಳಗೂ ಒಳ್ಳೆಯ ಬೆಳಕು. ನಡೆಸುತ್ತಿರುವ ಹೆಂಗಸು ನನ್ನ ಪ್ರಶ್ನೆಗಳನ್ನೆಲ್ಲ ಕೇಳಿಸಿಕೊಂಡು, ಇಷ್ಟೆಲ್ಲ ಯಾಕೆ ಎಂದು ವಿಚಾರಿಸಿದರು. ಹೇಳಿದೆ. ಮೆಟ್ಟಿಲಿನ ಅಂಚಿಗೆ ಬಿಳಿ ಬಣ್ಣ ಬಳಿಸುತ್ತೇನೆ ಎಂದರು.

ಆದರೆ ಡೈವಿಂಗ್ ಕಲಿಸುವ ಅವರ ಗಂಡ ಫೋನ್ ತೆಗೆದುಕೊಂಡು ಒಂದು ಷರತ್ತು ಹಾಕಿದರು. ಕಣ್ಣಿನ ಡಾಕ್ಟರ ಒಪ್ಪಿಗೆ ಬೇಕು, ಅದು ಸಿಗುತ್ತದೆ. ಕಲಿಸುವವರು ಬೆನ್ನ ಹಿಂದೆ ಇರುತ್ತಾರೆ, ಅದೂ ಸರಿ. ಜೊತೆಗೆ, ಅಕ್ಕಪಕ್ಕ ಕಾಣದವರು ಹೆದರಬಾರದೆಂದರೆ ಅವರಿಗೆ ಗೊತ್ತಿರುವ ಕೈಯೊಂದು ಪಕ್ಕದಲ್ಲಿ ಇಳಿಯಬೇಕಂತೆ. ಅದಿಲ್ಲದಿದ್ದರೆ ಅವಳನ್ನು ಇಳಿಸುವುದಿಲ್ಲವಂತೆ.

“ಯಾರ ಕೈ?” ಎಂದೆ.

“ನಿಮ್ಮದೇ ಅಲ್ವಾ ಸಾಹೇಬ್ರೇ?”

ಚಪ್ಪಲಿ ಯಾರು ಕಾಯುತ್ತಾರೆ ಎಂದು ಅವರು ಯೋಚಿಸಿಯೇ ಇಲ್ಲ.

ಅಕ್ಟೋಬರ್ 13

ಬಿಂದುಶ್ರೀಗೆ ಜನವರಿಯಲ್ಲಿ ಪರೀಕ್ಷೆ. ಬಾಮೈದ ಅಂಜನ್ ಕುಮಾರನಿಗೆ ಹಸು ಕರುಹಾಕುವ ಸಮಯ. ಅಕ್ಕನನ್ನು ಕೇಳಿದೆ. “ನಾನಾ? ನೀರೊಳ್ಗಾ? ತಲೆ ಕೆಟ್ಟೈತಾ ನಾಯ್ನಾ?” ಎಂದಳು.

ನವೆಂಬರ್ 3

ದೀಪಾವಳಿಗೆ ಐ.ಡಿ.ಹಳ್ಳಿಗೆ, ವೇದಾಳ ತವರುಮನೆಗೆ ಬಂದಿದ್ದೇವೆ. ಈ ಸಲದ ಮಳೆಗೆ ಅಂಜನ್ ಕುಮಾರನ ತೋಟದ ಹಳೇ ಬಾವಿ ತುಂಬಿದೆ. ಕಲ್ಲುಮೆಟ್ಟಿಲಿನ ಬಾವಿ. ನನ್ನ ನೀರಿನ ಪರೀಕ್ಷೆಗೆ ಇದೇ ಕೇಂದ್ರ.

ವೇದಾ ಚೂಡಿದಾರ ಹಾಕಿಕೊಂಡು ಗೋಡೆ ತಡವುತ್ತಾ ಮೆಟ್ಟಿಲಿಳಿದಳು. ನೀರು ಸೊಂಟಕ್ಕೆ ಬಂದದ್ದೇ ತಡ, ತಡವುವುದು ನಿಂತುಹೋಯಿತು. ಒಂದು ಮುಳುಗು ಹಾಕಿ ಹೋದವಳು ಎಲ್ಲೋ ಮಾಯ. ನಾನು ಮೇಲಿನಿಂದ, “ಲೇ ವೇದಾ! ಅಂಜನ್! ಯಾರಾದ್ರೂ ಬನ್ರೋ!” ಎಂದು ಊರು ಕೇಳುವಂತೆ ಕೂಗಿದೆ. ಬಾವಿಯ ಆಚೆ ಮೂಲೆಯಲ್ಲಿ ತಲೆ ಎದ್ದಿತು. ಕೈಯಲ್ಲಿ ಪಾಚಿ ಹಿಡಿದ ಚೊಂಬು.

“ಅಮ್ಮ ಬೀಳ್ಸಿದ್ದು ಕಣೋ ಅಂಜನ್! ಅವತ್ತು ನನ್ಗೇ ಬೈದಿದ್ಲು!”

ನನ್ನ ಬೆನ್ನಿಗೆ ಎರಡು ಖಾಲಿ ಕ್ಯಾನು ಕಟ್ಟಿದರು. ಸೋರೆಬುರುಡೆಯ ಮೊಮ್ಮಕ್ಕಳು. ಮಂಡಿಯವರೆಗೆ ಇಳಿದೆ, ಸೊಂಟದವರೆಗೆ ಇಳಿದೆ. “ಉಸ್ರು ಬುಡಿ ಭಾವ, ಹಿಡ್ಕಬೇಡಿ!” ಎಂದ ಅಂಜನ್. ಕಾಲಡಿಯ ಕಲ್ಲು ಜಾರಿತು, ಮೂಗಿಗೆ ನೀರು ಹೋಯಿತು. ಮೆಟ್ಟಿಲು ಹತ್ತಿ ಹುಣಸೆಮರದವರೆಗೆ ಓಡಿದ್ದೇನೆ. ಕ್ಯಾನುಗಳು ಬೆನ್ನ ಮೇಲೆ ತಮಟೆ ಹೊಡೆಯುತ್ತಿದ್ದವು. ಪಕ್ಕದ ಹೊಲದವರು ಕಳೆ ತೆಗೆಯುವುದು ಬಿಟ್ಟು ನೋಡಿದರು.

ವೇದಾ ನಗಲಿಲ್ಲ. ಚೊಂಬನ್ನು ಹುಣಸೆಹಣ್ಣಿನಲ್ಲಿ ತಿಕ್ಕುತ್ತಾ ಕೂತಳು.

ನವೆಂಬರ್ 4

ಇಲ್ಲ. ನನ್ನಿಂದ ಆಗುವುದಿಲ್ಲ. ಬೇಕಾದರೆ ಇಡೀ ಸಮುದ್ರವನ್ನು ಅಳೆದುಕೊಡುತ್ತೇನೆ, ದಡದಿಂದ.

ನವೆಂಬರ್ 8

ಈ ಸಂಜೆ ಕರೆಂಟು ಹೋಗಿತ್ತು. ವೇದಾ ಹೇಳಿದಳು: “ಬುಡ್ರಿ. ಮೀನು ಫೋನಲ್ಲೂ ಅವೆ. ದೊಡ್ಡದು ಮಾಡ್ಕಂಡು ನೋಡ್ತೀನಿ.”

ಜಗಳವಾಡಿದ್ದರೆ ಗೆಲ್ಲುತ್ತಿದ್ದೆ. ಅವಳು ಅದನ್ನು ನನಗೆ ಸಮಾಧಾನವಾಗಲಿ ಎಂದು ಹೇಳಿದಳು.

ನವೆಂಬರ್ 17

ಐ.ಡಿ.ಹಳ್ಳಿ ಕಡೆ ಪೋಡಿ ಕೆಲಸವಿದೆ, ಯಾರದೋ ಜಮೀನು ಅಳೆದು ಪಾಲು ಮಾಡಬೇಕು ಎಂದು ಮನೆಯಲ್ಲಿ ಹೇಳಿ ಬೆಳಿಗ್ಗೆಯೇ ಹೊರಟೆ. ಪೋಡಿ ಇರಲಿಲ್ಲ, ಬಾವಿ ಇತ್ತು. ಅಂಜನ್ ಕುಮಾರ ನನ್ನ ಸೊಂಟಕ್ಕೆ ಹಸುವಿನ ಹಗ್ಗ ಕಟ್ಟಿ ಮೇಲೆ ಹಿಡಿದುಕೊಂಡ.

“ಹಸುಗಿಂತ ನೀವೇ ಜಾಸ್ತಿ ಎಳೀತೀರಾ ಭಾವ.”

“ಬಿಟ್ಬುಟ್ಟೀಯೋ!”

“ಬುಟ್ರೆ ಅಕ್ಕ ನನ್ನ ಬುಡ್ತಾಳಾ?”

ಮುಖ ಮುಳುಗಿಸಿದೆ. ಕಣ್ಣು ಬಿಟ್ಟೆ. ಹಸಿರು ಬೆಳಕು. ನನ್ನದೇ ಎರಡು ಕಾಲು ಯಾರದೋ ಕಾಲಿನ ಹಾಗೆ ಬೆಳ್ಳಗೆ ನಿಂತಿದ್ದವು. ಮೀನು ಕಾಣಲಿಲ್ಲ. ನನ್ನನ್ನು ಕಂಡು ಅವು ಎದ್ದು ಹೋಗಿದ್ದಾವು.

ಡಿಸೆಂಬರ್ 8

ಗುಟ್ಟು ಬಯಲಾಗಿದೆ. ಪೋಡಿ ಕೆಲಸಕ್ಕೆ ಹೋದವನ ತಲೆ ಪ್ರತಿ ಭಾನುವಾರವೂ ಯಾಕೆ ಪಾಚಿ ವಾಸನೆ ಹೊಡೆಯುತ್ತದೆ ಎಂದು ವೇದಾ ಕೇಳಿದಳು. ಈಗ ಅವಳೇ ನನ್ನ ಮೇಷ್ಟ್ರು.

ಬಿಂದುಶ್ರೀ ಕಳಿಸಿದ ಡೈವಿಂಗ್ ಮಾಸ್ಕು ಬಂತು. ಹಾಕಿಕೊಂಡು ಬಾವಿಗಿಳಿದೆ. ಎದುರಿನ ಕಲ್ಲು ಚೆನ್ನಾಗಿ ಕಂಡಿತು. ಪಕ್ಕದಲ್ಲಿದ್ದ ವೇದಾ ಕಾಣಲಿಲ್ಲ. ಅವಳ ಮೊಣಕೈಗೆ ನನ್ನ ಮೂಗು ಬಡಿಯಿತು. ಎದ್ದು ರೇಗಿದೆ.

“ಏನೇ ಇದು, ದರಿದ್ರದ್ದು! ಅಕ್ಕಪಕ್ಕ ಏನೂ ಕಾಣಲ್ವಲ್ಲೇ! ಕುದುರೆಗೆ ಕಣ್ಪಟ್ಟಿ ಕಟ್ಟಿದ ಹಾಗೆ!”

ಅವಳು ಒದ್ದೆ ಮುಖ ಒರೆಸಿಕೊಂಡು ನನ್ನನ್ನೇ ನೋಡಿದಳು. ಆಮೇಲೆ ಜೋರಾಗಿ ನಕ್ಕಳು. ಬಾವಿ ತುಂಬ ಅದೇ ನಗು.

“ಈಗ್ ಗೊತ್ತಾಯ್ತಾ ಸರ್ವೆಯರ್ ಸಾಹೇಬ್ರಿಗೆ? ನಂಗೆ ದಿನಾ ಇಂಗೇ. ನೀರೊಳ್ಗೆ ಹೋದ್ರೆ ಎಲ್ರೂ ನನ್ನಷ್ಟೇ ಕಾಣೋರು ಕಣ್ರಿ. ಅಲ್ಲಿ ನಾನೊಬ್ಳೇ ಅಲ್ಲ.”

ಸ್ವಲ್ಪ ಹೊತ್ತು ಆ ಮಾಸ್ಕನ್ನು ತೆಗೆಯಲಿಲ್ಲ. ಮೆಟ್ಟಿಲು ಹತ್ತುವಾಗಲೂ ಹಾಕಿಕೊಂಡಿದ್ದೆ. ಎರಡು ಸಲ ಎಡವಿದೆ.

ಮನೆಗೆ ಬರುವಾಗ ಕತ್ತಲಾಗಿತ್ತು. ಬಸ್‌ಸ್ಟ್ಯಾಂಡಿನಿಂದ ಕೈ ಹಿಡಿದು ನಡೆದೆವು. ಮಧುಗಿರಿಯ ಮುಖ್ಯರಸ್ತೆಯಲ್ಲಿ, ಈ ವಯಸ್ಸಿನಲ್ಲಿ. ಬೀಡಾ ಅಂಗಡಿಯ ವೀರಭದ್ರಯ್ಯ ಕೆಮ್ಮಿದ. ಕೆಮ್ಮಲಿ. ಒಂದು ಸಂಕೇತ ಮಾಡಿಕೊಂಡಿದ್ದೇವೆ: ಕೈಯನ್ನು ಒಂದು ಸಲ ಒತ್ತಿದರೆ ‘ಮೆಟ್ಟಿಲು’. ಎರಡು ಸಲ ಒತ್ತಿದರೆ ‘ಇದೀನಿ’.

ಡಿಸೆಂಬರ್ 27

ಕಣ್ಣಾಸ್ಪತ್ರೆ. ನೀರಿಗಿಳಿಯಲು ಡಾಕ್ಟರಮ್ಮ ಒಪ್ಪಿಗೆ ಬರೆದುಕೊಟ್ಟರು. ಹೊಸ ನಕ್ಷೆಯನ್ನೂ ಕೊಟ್ಟರು. ಹಳೆಯದರ ಪಕ್ಕದಲ್ಲಿಟ್ಟು ನೋಡಿದೆ. ಬಿಳಿ ಚೂರು ಕಡಿಮೆಯಾಗಿದೆಯೆಂದು ನನಗೆ ಅನಿಸಿತು. ಹೆಚ್ಚೇನಿಲ್ಲ ಎಂದರು ಅವರು. ನಾನು ತಮಾಷೆ ಮಾಡಲಿಲ್ಲ.

ಬರುವಾಗ ಗೊರವನಹಳ್ಳಿಯಲ್ಲಿ ಇಳಿದೆವು. ಅಕ್ಕ ಹೇಳಿಕೊಂಡಿದ್ದ ಹರಕೆ ಬಾಕಿ ಇತ್ತು. ವೇದಾ ಮಹಾಲಕ್ಷ್ಮಿಯನ್ನು ನೋಡುತ್ತಿದ್ದಾಗ ನಾನು ಮೆಲ್ಲಗೆ ಪಕ್ಕದ್ದನ್ನು ಹೇಳುತ್ತಾ ಹೋದೆ: ಎಡಗಡೆ ಒಬ್ಬಳು ಮಗುವಿನ ಬಾಯಿಂದ ಹೂವು ಕೀಳುತ್ತಿದ್ದಾಳೆ; ಬಲಗಡೆ ಕಂಬದ ಹಿಂದೆ ಹೊಸ ಜೋಡಿ ಸೆಲ್ಫಿ ತೆಗೆಯುತ್ತಿದೆ, ಹುಡುಗ ಕಣ್ಣು ಮುಚ್ಚಿದ್ದಾನೆ; ಮೇಲೆ ಒಂದು ಪಾರಿವಾಳ ಗಂಟೆಯ ಮೇಲೆ ಕೂರಲು ನೋಡಿ ಜಾರುತ್ತಿದೆ. ಹಿಂದಿದ್ದ ಅಜ್ಜಿ, “ದೇವ್ರನ್ನ ನೋಡಪ್ಪ, ಅಲ್ಲಿಲ್ಲಿ ಏನ್ ನೋಡ್ತೀಯ” ಎಂದು ತಿವಿದರು.

ಜನವರಿ 22, 2025. ದ್ವೀಪ

ವಿಮಾನದಲ್ಲಿ ವೇದಾಳಿಗೆ ಕಿಟಕಿ. “ನೀನು ನಡುವೆ ನೋಡ್ಕೊ, ಸುತ್ತಮುತ್ತಲಿಂದು ನಾನು ಹೇಳ್ತೀನಿ” ಎಂದೆ. ಮುಂದಿನ ಸೀಟಿನವನು ತಿರುಗಿ ತಿರುಗಿ ನೋಡಿದ.

ತೆಂಗಿನ ಮರಗಳು ನಿಜಕ್ಕೂ ನೆಟ್ಟಗಿವೆ. ಮೆಟ್ಟಿಲ ಅಂಚಿಗೆ ಬಿಳಿ ಬಣ್ಣ ಹೊಸದಾಗಿ ಹೊಳೆಯುತ್ತಿದೆ. ವೇದಾ ಅದನ್ನು ಕಾಲ್ಬೆರಳಿನಿಂದ ಮುಟ್ಟಿ ನೋಡಿದಳು. ಸಮುದ್ರ ಬಾವಿಗಿಂತ ದೊಡ್ಡದಿದೆ. ಇದನ್ನು ಯಾರೂ ಮೊದಲೇ ಹೇಳಿರಲಿಲ್ಲ.

ಜನವರಿ 24

ಇಳಿದೆವು.

ನೀರು ಎದೆಗೆ ಬಂದಾಗ, “ನಾನು ಇಲ್ಲೇ ಇರ್ತೀನಿ” ಎಂಬ ಮಾತು ಗಂಟಲಿನವರೆಗೆ ಬಂದಿತ್ತು. ಬಾಯಲ್ಲಿ ಗಾಳಿಯ ಕೊಳವೆ ಇದ್ದುದರಿಂದ ಆ ಮಾತು ದಾಖಲಾಗಲಿಲ್ಲ. ತಲೆ ಮುಳುಗಿತು. ಉಸಿರು ಸಿಕ್ಕಿಕೊಂಡಿತು. ಬೆನ್ನ ಹಿಂದೆ ಕಲಿಸುವವನಿದ್ದಾನೆ ಎನ್ನುವುದು ಮರೆತುಹೋಯಿತು. ಮಾಸ್ಕಿನ ಎರಡು ಕಡೆಯೂ ಕತ್ತಲು, ನಾನು ಎಲ್ಲಿದ್ದೇನೆಂದೇ ತಿಳಿಯಲಿಲ್ಲ. ಕೈ ಆಡಿಸಿದೆ, ಏನೂ ಸಿಗಲಿಲ್ಲ. ಬಲಸಮುದ್ರದ ಮೋರಿಯ ಪಕ್ಕದಲ್ಲಿ ಅವಳ ಕೈ ಗಾಳಿಯಲ್ಲಿ ಹುಡುಕಿತಲ್ಲ, ಹಾಗೆ.

ಯಾರೋ ನನ್ನ ಕೈ ಹಿಡಿದರು. ಒತ್ತಿದರು. ಒಂದು. ಎರಡು.

ಉಸಿರು ಬಿಟ್ಟೆ. ಗುಳ್ಳೆಗಳು ಮೇಲೆ ಹೋದವು. ವೇದಾ ಎದುರಿಗೆ ಬಂದು ತೇಲುತ್ತಿದ್ದಳು, ಬಿಂದಿಗೆ ತೆಗೆಯಲು ಬಂದವಳಷ್ಟು ಸಲೀಸಾಗಿ.

ಆಮೇಲೆ ನಾನು ಕಂಡದ್ದು: ಹಳದಿಯ ಮೇಲೆ ಕಪ್ಪು ಪಟ್ಟೆಯ ಮೀನುಗಳ ಹಿಂಡು, ಶಾಲೆ ಬಿಟ್ಟ ಮಕ್ಕಳ ಹಾಗೆ. ಸೆರಗಿನಂತೆ ಆಡುವ ಗಿಡದಂಥ ಪ್ರಾಣಿಯೊಳಗೆ ಕಿತ್ತಳೆ ಬಣ್ಣದ ಪುಟ್ಟದೊಂದು; ಇಣುಕಿ ನಮ್ಮನ್ನು ಬೈದು ಮತ್ತೆ ಒಳಗೆ. ಗಿಳಿಹಸಿರಿನ ದೊಡ್ಡದೊಂದು ಬಂಡೆಯನ್ನು ಕಚ್ಚಿ ತಿನ್ನುವ ಕಟಕಟ ಸದ್ದು, ಕಡಲೆ ತಿಂದ ಹಾಗೆ. ಅವಳ ನೋಟದ ಹೊರಗೆ ಏನು ಕಂಡರೂ ಅವಳ ಕೈಯನ್ನು ಆ ಕಡೆಗೆ ಮೆಲ್ಲಗೆ ತಿರುಗಿಸಿದೆ. ಕೈ ತಿರುಗಿದ ಕಡೆ ತಲೆ ತಿರುಗಿತು. ಒಂದನ್ನೂ ತಪ್ಪಿಸಲಿಲ್ಲ. ಒಂದು ಬೆಳ್ಳಿಬಣ್ಣದ ಮರಿ ಅವಳ ಮಾಸ್ಕಿನ ಗಾಜಿನವರೆಗೆ ಬಂದು, ಒಳಗೆ ನೋಡಿ, ನಿಂತಿತು. ಅವಳು ರೆಪ್ಪೆ ಹೊಡೆಯಲಿಲ್ಲ. ಅದೂ ಹೊಡೆಯಲಿಲ್ಲ.

ಮೇಲೆ ಬಂದ ಮೇಲೆ ಮರಳಿನಲ್ಲಿ ಬಹಳ ಹೊತ್ತು ಕೂತೆವು.

“ರೀ, ಅದು ನಮ್ ಬಾವಿ ಮೀನಿನ ಥರಾನೇ ಇತ್ತು ಅಲ್ವಾ?”

“ಅದೇ ಇರಬೇಕು. ವಿಳಾಸ ಹುಡುಕ್ಕೊಂಡು ಬಂದಿದೆ.”

“ಹೋಗ್ರಿ” ಎಂದು ಮೊಣಕೈಯಲ್ಲಿ ತಿವಿದಳು. ಆಮೇಲೆ, “ಇನ್ನು ಮುಚ್ಕೊಂಡ್ರೂ ಮುಚ್ಕೊಳ್ಲಿ ಬುಡಿ. ಒಳ್ಗೆ ತುಂಬ್ಕೊಂಡಿದೀನಿ” ಎಂದಳು. ಅತ್ತಳೋ ಇಲ್ಲವೋ ಹೇಳುವುದು ಕಷ್ಟ, ಇಬ್ಬರ ಮುಖವೂ ಉಪ್ಪುನೀರಿನಲ್ಲಿ ತೊಯ್ದಿತ್ತು.

ಚಪ್ಪಲಿಯನ್ನು ಯಾರೂ ಕಾಯಲಿಲ್ಲ. ನನ್ನ ಎಡಗಾಲಿನದನ್ನು ನಾಯಿ ಒಯ್ದಿದೆ.

ಕತ್ತಲಾಗುತ್ತಿದೆ, ಊಟದ ಮನೆಗೆ ಹೋಗಬೇಕು. ಅದಕ್ಕೆ ಮುಂಚೆ, ಇಲಾಖೆಯ ಪದ್ಧತಿಯಂತೆ, ಈ ದಿನ ನಾನು ನಿಂತಿದ್ದ ಜಾಗದ ಚಕ್ಕುಬಂದಿ:

ಪೂರ್ವಕ್ಕೆ ನೀರು.
ಪಶ್ಚಿಮಕ್ಕೆ ನೀರು.
ಉತ್ತರಕ್ಕೆ ನೀರು.
ದಕ್ಷಿಣಕ್ಕೆ ವೇದಾಳ ಕೈ.